‘ಅಂತೆ’ಯನ್ನು ಉಳಿಸಿಕೊಳ್ಳುವ ಬಗೆ: ಪದವಿ ತರಗತಿಯಲ್ಲಿ ಮೌಖಿಕ ಪರಂಪರೆ, ಸ್ಮೃತಿ ಮತ್ತು ಪುರಾಣ

1

ಪದವಿ ಹಂತದ ಕನ್ನಡ ಪಠ್ಯಕ್ರಮದಲ್ಲಿ ಜಾನಪದಕ್ಕೆ ಸ್ಥಾನ ದೊರೆತು ದಶಕಗಳೇ ಸಂದಿವೆ. ಲಕ್ಷಣ, ವರ್ಗೀಕರಣ, ವ್ಯಾಪ್ತಿ, ಮಹತ್ವ ಎಂಬ ನಾಲ್ಕು ಮೆಟ್ಟಿಲುಗಳನ್ನು ಹತ್ತಿಳಿದರೆ ಸಾಮಾನ್ಯವಾಗಿ ಪಾಠ ಮುಗಿಯುತ್ತದೆ. ಅದಕ್ಕೆ ಪೂರಕವಾಗಿ ಕ್ಷೇತ್ರಕಾರ್ಯವೆಂಬ ಒಂದು ನಿಯೋಜಿತ ಕಾರ್ಯವಿರುತ್ತದೆ. ಹತ್ತು ಹಾಡು, ಇಪ್ಪತ್ತೈದು ಒಗಟು, ಐವತ್ತು ಗಾದೆ, ಒಂದೆರಡು ಕಥೆ. ಜೊತೆಗೆ ವಕ್ತೃವಿನ ಹೆಸರು, ವಯಸ್ಸು, ಊರು. ವಿದ್ಯಾರ್ಥಿ ಇವುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು, ರಟ್ಟು ಹಾಕಿಸಿ ಒಪ್ಪಿಸುತ್ತಾನೆ. ಅಂಕಗಳು ದಾಖಲಾಗುತ್ತವೆ, ಸಂಗ್ರಹ ಕಪಾಟು ಸೇರುತ್ತದೆ.

ಈ ಕ್ರಮವನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದ ಕಾಲದಿಂದ ಇಂದಿನವರೆಗೆ ಕನ್ನಡ ಜಾನಪದ ಅಧ್ಯಯನ ನಿಂತಿರುವುದೇ ಸಂಗ್ರಹಕಾರರ ಶ್ರಮದ ಮೇಲೆ. ಆದರೆ ಸಂಗ್ರಹವೇ ಅಧ್ಯಯನವೆಂದು ತರಗತಿ ನಂಬಿಕೊಂಡಾಗ ಏನು ಕಳೆದುಹೋಗುತ್ತದೆ ಎಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ವಿಶದಪಡಿಸಬಹುದು. ಹುಮನಾಬಾದ ರಸ್ತೆಯ ಕಮಲಾಪುರದ ಕಡೆಯ ಒಬ್ಬ ಹಿರಿಯಳು ತನ್ನ ಮೊಮ್ಮಗಳಿಗೆ, ‘ಆ ಗುಡ್ಡದಾಗ ಒಬ್ಬ ಸಾಧು ಇದ್ದನಂತ, ಅಂವ ಹುಲಿ ಮ್ಯಾಲ ಕುಂತು ಬಂದನಂತ’ ಎಂದು ಹೇಳಿದಳೆಂದು ಇಟ್ಟುಕೊಳ್ಳೋಣ. ಕಲಬುರಗಿಯ ಕಾಲೇಜಿಗೆ ಒಪ್ಪಿಸುವ ಹೊತ್ತಗೆಯಲ್ಲಿ ಆ ಮಾತು, ‘ಆ ಗುಡ್ಡದಲ್ಲಿ ಒಬ್ಬ ಸಾಧು ಇದ್ದನು. ಅವನು ಹುಲಿಯ ಮೇಲೆ ಕುಳಿತು ಬಂದನು’ ಎಂದಾಗುತ್ತದೆ. ಭಾಷೆ ಶಿಷ್ಟವಾಯಿತೆಂದು ವಿದ್ಯಾರ್ಥಿನಿಗೆ ಸಮಾಧಾನ, ಅಧ್ಯಾಪಕರಿಗೂ ಸಮಾಧಾನ. ಆದರೆ ಈ ಎರಡು ವಾಕ್ಯಗಳ ನಡುವೆ ಬಿದ್ದುಹೋದದ್ದು ಪ್ರಾದೇಶಿಕ ಸೊಗಡು ಮಾತ್ರವಲ್ಲ. ಬಿದ್ದುಹೋದದ್ದು ‘ಅಂತ’ ಎಂಬ ಪುಟ್ಟ ಪದ. ‘ಇದನ್ನು ನಾನು ಕಂಡವಳಲ್ಲ, ಕೇಳಿದವಳು’ ಎಂದು ಹಿರಿಯಳು ತನ್ನ ಮಾತಿಗೆ ತಾನೇ ಹಾಕಿಕೊಂಡಿದ್ದ ಗಡಿಯನ್ನು ವಿದ್ಯಾರ್ಥಿನಿ ಅಳಿಸಿಹಾಕಿದಳು. ಕೇಳಿಕೆಯಾಗಿದ್ದದ್ದು ಘೋಷಣೆಯಾಯಿತು.

ಪದವಿ ತರಗತಿಯಲ್ಲಿ ಮೌಖಿಕ ಪರಂಪರೆಯನ್ನು ಬೋಧಿಸುವುದೆಂದರೆ ಮೊದಲಿಗೆ ಈ ‘ಅಂತೆ’ಯನ್ನು ಉಳಿಸಿಕೊಳ್ಳುವುದನ್ನು ಕಲಿಸುವುದು ಎಂಬುದು ಪ್ರಸ್ತುತ ಬರೆಹದ ನಿಲುವು. ಇದು ವ್ಯಾಕರಣದ ಪ್ರಶ್ನೆಯಂತೆ ಕಂಡರೂ ಕಲಬುರಗಿಯಂತಹ ಪ್ರದೇಶದಲ್ಲಿ ಇದಕ್ಕೆ ಸಾಮಾಜಿಕವಾದ ಗುರುತರ ಪರಿಣಾಮಗಳಿವೆ.

2

ದಕ್ಷಿಣದ ಕನ್ನಡದಲ್ಲಿ ‘ಅಂತೆ’, ನಮ್ಮ ಕಡೆ ‘ಅಂತ’. ತಾನು ಪ್ರತ್ಯಕ್ಷ ಕಾಣದ, ಮತ್ತೊಬ್ಬರಿಂದ ತಿಳಿದ ಸಂಗತಿಯನ್ನು ಹೇಳುವಾಗ ಕನ್ನಡಿಗರು ಇದನ್ನು ತಪ್ಪದೆ ಬಳಸುತ್ತಾರೆ. ಹಳಗನ್ನಡದ ‘ಗಡ’ ಎಂಬ ಅವ್ಯಯವೂ ಹಲವೆಡೆ ಇದೇ ಕೆಲಸವನ್ನು ಮಾಡುತ್ತದೆ. ಗಮನಾರ್ಹ ಸಂಗತಿಯೆಂದರೆ ಕಲಬುರಗಿಯ ಸುತ್ತ ಬಳಕೆಯಲ್ಲಿರುವ ಬೇರೆ ಭಾಷೆಗಳಲ್ಲಿಯೂ ಇದಕ್ಕೆ ಸಾಟಿಯಾದ ರೂಪಗಳಿವೆ. ಮರಾಠಿಯಲ್ಲಿ ‘ಮ್ಹಣೇ’, ತೆಲುಗಿನಲ್ಲಿ ‘ಅಟ’, ದಖನಿಯಲ್ಲಿ ‘ಕತೆ’. ಈ ಎಲ್ಲವೂ ‘ಅನ್ನು’, ‘ಹೇಳು’ ಎಂಬರ್ಥದ ಕ್ರಿಯೆಗಳಿಗೆ ಸಂಬಂಧಿಸಿದವು. ದಖನಿಯ ‘ಕತೆ’ ‘ಕಹತೇ’ ಎಂಬುದರ ಸಂಕ್ಷಿಪ್ತ ರೂಪ. ಅದರ ಈ ಬಳಕೆಯಲ್ಲಿ ದ್ರಾವಿಡ ಭಾಷೆಗಳ ಸಹವಾಸದ ಗುರುತನ್ನು ಭಾಷಾವಿಜ್ಞಾನಿಗಳು ಕಂಡಿದ್ದಾರೆ. ಶತಮಾನಗಳ ಕಾಲ ಒಂದೇ ಸಂತೆಯಲ್ಲಿ ವ್ಯವಹರಿಸಿದ ಜನ ಪರಸ್ಪರರಿಂದ ಪಡೆದುಕೊಂಡದ್ದು ಪದಗಳನ್ನಷ್ಟೇ ಅಲ್ಲ, ಕೇಳಿದ್ದನ್ನು ಕೇಳಿದ್ದೆಂದೇ ಹೇಳುವ ಒಂದು ಪ್ರಾಮಾಣಿಕತೆಯನ್ನೂ ಪಡೆದುಕೊಂಡರೆಂದು ಇದನ್ನು ಅರ್ಥೈಸಲು ಅವಕಾಶವಿದೆ.

ಆದರೆ ಶಿಷ್ಟ ಬರೆಹದ ಲೋಕ ‘ಅಂತೆ’ಯನ್ನು ಗೌರವದಿಂದ ಕಂಡಿಲ್ಲ. ‘ಅಂತೆ ಕಂತೆಗಳ ಸಂತೆ’ ಎಂದು ಅದನ್ನು ಗೇಲಿ ಮಾಡಿದೆ. ಸಂಶೋಧನೆಯೆಂದರೆ ‘ಅಂತೆ’ಯಿಂದ ಬಿಡಿಸಿಕೊಂಡು ‘ಇದೆ’ ಎಂಬುದನ್ನು ತಲುಪುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಆಫ್ರಿಕಾದ ಮೌಖಿಕ ಚರಿತ್ರೆಯನ್ನು ಅಭ್ಯಸಿಸಿದ ಯಾನ್ ವಾನ್ಸಿನಾ ಅವರು 1985ರ ತಮ್ಮ ಗ್ರಂಥದಲ್ಲಿ ಮೌಖಿಕ ಇತಿಹಾಸ ಮತ್ತು ಮೌಖಿಕ ಪರಂಪರೆಗಳ ನಡುವೆ ಒಂದು ಭೇದವನ್ನು ಗುರುತಿಸುತ್ತಾರೆ. ವಕ್ತೃವಿನ ಜೀವಿತಕಾಲದಲ್ಲಿ ನಡೆದದ್ದರ ನೆನಪು ಮೊದಲನೆಯದು. ತಲೆಮಾರನ್ನು ದಾಟಿ ಬಾಯಿಂದ ಬಾಯಿಗೆ ಬಂದದ್ದು ಎರಡನೆಯದು. ಶಾಸ್ತ್ರಕಾರರು ಪರಿಭಾಷೆಯ ಮೂಲಕ ಮಾಡಿದ ಈ ವಿಂಗಡಣೆಯನ್ನು ನಮ್ಮ ಅಜ್ಜಿಯಂದಿರು ‘ಕಂಡೀನಿ’ ಮತ್ತು ‘ಅಂತ’ ಎಂಬ ಎರಡು ಮಾತುಗಳಿಂದ ಮಾಡುತ್ತಲೇ ಬಂದಿದ್ದಾರೆ. ವಿದ್ಯಾರ್ಥಿಗೆ ಹೊರಗಿನ ಸಿದ್ಧಾಂತವನ್ನು ಹೇರುವುದಕ್ಕೆ ಮುನ್ನ ಅವನ ನಾಲಗೆಯ ಮೇಲಿರುವ ಈ ಸಿದ್ಧಾಂತವನ್ನು ಅವನಿಗೆ ತೋರಿಸಿಕೊಡಬೇಕು.

3

ಬರೆದದ್ದು ಇತಿಹಾಸ, ಹೇಳಿದ್ದು ಕಟ್ಟುಕಥೆ ಎಂಬ ವಿಭಜನೆಯನ್ನು ಪ್ರಶ್ನಿಸುವುದಕ್ಕೆ ಕಲಬುರಗಿಗಿಂತ ತಕ್ಕ ಊರು ಬೇರೊಂದಿಲ್ಲ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ ಬಹಮನ್ ಶಹನ ಬಗ್ಗೆ ಇಲ್ಲಿಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಕಥೆಯೊಂದಿದೆ. ಹಸನ್ ದೆಹಲಿಯಲ್ಲಿ ಗಂಗೂ ಎಂಬ ಬ್ರಾಹ್ಮಣ ಜ್ಯೋತಿಷಿಯ ಸೇವೆಯಲ್ಲಿದ್ದ. ಹೊಲ ಉಳುವಾಗ ಸಿಕ್ಕ ನಿಧಿಯನ್ನು ಪ್ರಾಮಾಣಿಕವಾಗಿ ಒಪ್ಪಿಸಿದ. ಆ ಬ್ರಾಹ್ಮಣನ ಋಣವನ್ನು ನೆನೆದು ತನ್ನ ವಂಶಕ್ಕೆ ‘ಬಹಮನಿ’ ಎಂಬ ಹೆಸರಿಟ್ಟ ಎಂಬುದು ಆ ಕಥೆ. ಮೇಲ್ನೋಟಕ್ಕೆ ಇದು ಜನರ ಬಾಯಲ್ಲಿ ಬೆಳೆದ ಐತಿಹ್ಯದಂತೆ ತೋರುತ್ತದೆ. ಆದರೆ ಇದರ ಪ್ರಸಾರಕ್ಕೆ ಮುಖ್ಯ ಕಾರಣವಾದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಾಪುರದ ಆಸ್ಥಾನದಲ್ಲಿದ್ದ ಫರಿಷ್ತಾನ ಪರ್ಷಿಯನ್ ಚರಿತ್ರೆ, ಅಂದರೆ ಒಂದು ಬರೆಹ. ಹಸನನ ಸಮಕಾಲೀನನಾಗಿ 1350ರಲ್ಲಿ ತನ್ನ ಕಾವ್ಯವನ್ನು ಮುಗಿಸಿದ ಇಸಾಮಿಯಲ್ಲಿ ಈ ಕಥೆಯಿಲ್ಲ. ಅಲ್ಲಿ ಅವನ ವಂಶವನ್ನು ಇರಾನಿನ ವೀರ ಬಹಮನನಿಗೆ ಜೋಡಿಸಲಾಗಿದೆ. ಇತಿಹಾಸಕಾರರು ಗಂಗೂವಿನ ಕಥೆಯನ್ನು ಒಪ್ಪುವುದಿಲ್ಲ. ಹಾಗೆಂದು ಇರಾನಿನ ವಂಶಾವಳಿಯನ್ನು ಅಕ್ಷರಶಃ ನಂಬಬೇಕೆಂದೂ ಇಲ್ಲ. ಹೊಸ ಅರಸನೊಬ್ಬನಿಗೆ ಬೇಕಾದ ಪುರಾಣ ಅದು. ಒಂದು ಆಸ್ಥಾನದ ಪುರಾಣ, ಇನ್ನೊಂದು ನೆಲದ ಪುರಾಣ. ಹೊರಗಿನಿಂದ ಬಂದ ಅರಸನನ್ನು ಇಲ್ಲಿಯ ನೇಗಿಲಿಗೂ ಇಲ್ಲಿಯ ಋಣಕ್ಕೂ ಕಟ್ಟಿಹಾಕಬೇಕೆಂಬ ಬಯಕೆ ಯಾರದು, ಯಾವಾಗಿನದು ಎಂದು ಕೇಳುವುದು ‘ಈ ಕಥೆ ಸುಳ್ಳು’ ಎಂದು ಮುಗಿಸುವುದಕ್ಕಿಂತ ಫಲವತ್ತಾದ ಅಭ್ಯಾಸ.

ಊರಿನ ಹೆಸರೂ ಇಂತಹದೇ ಪಾಠ. ಕಲ್ಲಿನ ನೆಲವನ್ನು ಸೂಚಿಸುವ ‘ಕಲಬುರಗಿ’ಯೂ, ‘ಗುಲ್’ ಮತ್ತು ‘ಬರ್ಗ್’ ಅಂದರೆ ಹೂವು ಮತ್ತು ಎಲೆಯೆಂದು ಬಿಡಿಸಿ ಹೇಳಲಾಗುವ ‘ಗುಲ್ಬರ್ಗಾ’ವೂ ಒಂದೇ ನೆಲದ ಎರಡು ಕಥನಗಳು. ಹೂವು-ಎಲೆಯ ವ್ಯುತ್ಪತ್ತಿ ಭಾಷಾಶಾಸ್ತ್ರದ ದೃಷ್ಟಿಯಿಂದ ನಿಲ್ಲುವುದಿಲ್ಲ. ಆದರೆ ಕಲ್ಲನ್ನು ಹೂವಾಗಿ ಕೇಳಿಸಿಕೊಂಡ ಜನರ ಕಿವಿ ಚರಿತ್ರೆಯ ಭಾಗವೇ ಹೌದು. 2014ರ ನವೆಂಬರ್ 1ರಂದು ಅಧಿಕೃತ ಹೆಸರು ಬದಲಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೀಗೆ ನಿಜಾಮರ ರಾಜಧಾನಿಯ ನೆನಪನ್ನು ಹಿಂದಕ್ಕೆ ಸರಿಸಿ ಹನ್ನೆರಡನೆಯ ಶತಮಾನದ ಶರಣರ ನೆನಪನ್ನು ಮುಂದಕ್ಕೆ ತರಲಾಯಿತು. ಒಂದು ಪ್ರದೇಶ ತನ್ನ ಸ್ಮೃತಿಯನ್ನು ಆಯ್ದುಕೊಳ್ಳುವ ಈ ಕ್ರಿಯೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರೇ ನಡೆದಿದೆ. ಸ್ಮೃತಿಯೆಂಬುದು ಮುದುಕರಲ್ಲಿ ಮಾತ್ರ ಇರುವ ವಸ್ತುವಲ್ಲ ಎಂದು ತಿಳಿಸಲು ಬೇರೆ ನಿದರ್ಶನ ಬೇಕಿಲ್ಲ.

ಸಂಗ್ರಹಕ್ಕೂ ಒಂದು ರಾಜಕಾರಣವಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಅವರು ಮುಂಬಯಿ ಸರಕಾರದ ಅಧಿಕಾರಿ. ಯಾವ ಆಳ್ವಿಕೆಯ ವಿರುದ್ಧ ಆ ಬಂಡಾಯಗಳು ನಡೆದವೋ ಅದೇ ಆಳ್ವಿಕೆಯ ಅಧಿಕಾರಿ ಆ ಹಾಡುಗಳನ್ನು ಕಾಪಾಡಿಕೊಟ್ಟರು. ಅವರ ಉಪಕಾರವನ್ನು ನೆನೆಯುತ್ತಲೇ ಒಂದು ಮಾತನ್ನು ಗಮನಿಸಬೇಕು: ಹಾಡನ್ನು ಹಾಡುವವನಿಂದ, ಹಾಡುವ ಸಂದರ್ಭದಿಂದ ಬಿಡಿಸಿ ಹಾಳೆಯ ಮೇಲಿಟ್ಟೊಡನೆ ಬಂಡಾಯದ ಹಾಡೂ ನಿರಪಾಯದ ವಸ್ತುವಾಗಬಲ್ಲದು. ನಮ್ಮ ನಿಯೋಜಿತ ಕಾರ್ಯದ ಹೊತ್ತಗೆಗಳು ಮಾಡುತ್ತಿರುವುದೂ ಇದನ್ನೇ.

4

ಪುರಾಣದ ಬೋಧನೆಯಲ್ಲಿ ನಮಗೆ ಎದುರಾಗುವ ತೊಡಕು ಪರಿಭಾಷೆಯಿಂದಲೇ ಆರಂಭವಾಗುತ್ತದೆ. ‘ಮಿಥ್’ ಎಂಬ ಪದವನ್ನು ಕೇಳಿದ ವಿದ್ಯಾರ್ಥಿ ಅದನ್ನು ತನಗೆ ತಿಳಿದಿರುವ ‘ಮಿಥ್ಯೆ’ಯ ಜೊತೆಗೆ ಸಹಜವಾಗಿಯೇ ಸೇರಿಸಿಕೊಳ್ಳುತ್ತಾನೆ. ಧ್ವನಿಸಾಮ್ಯವೊಂದರಿಂದ ಇಡೀ ಪ್ರಕಾರವೇ ಸುಳ್ಳಿನ ಖಾತೆಗೆ ಜಮೆಯಾಗುತ್ತದೆ. ‘ಪುರಾಣ’ ಎಂದರೆ ಇನ್ನೊಂದು ತೊಡಕು: ನಮ್ಮ ಭಾಗದಲ್ಲಿ ಶ್ರಾವಣ ಬಂದಾಗ ಗುಡಿ-ಮಠಗಳಲ್ಲಿ ‘ಪುರಾಣ ಹಚ್ಚುತ್ತಾರೆ’. ಗ್ರಂಥವನ್ನು ಮುಂದಿಟ್ಟುಕೊಂಡು ಓದುವವರು, ಅರ್ಥ ಹೇಳುವವರು, ನಡುನಡುವೆ ಹಾಡುವವರು, ಕೇಳುವವರು ಸೇರಿ ನಡೆಸುವ ಸಾಮೂಹಿಕ ಕ್ರಿಯೆಯದು. ಬರೆಹವೂ ಮೌಖಿಕವೂ ಅಲ್ಲಿ ಬೇರೆಯಾಗಿಲ್ಲ. ಪಠ್ಯಪುಸ್ತಕದ ವರ್ಗೀಕರಣದಲ್ಲಿ ಈ ಜೀವಂತ ರೂಪಕ್ಕೆ ಮನೆಯೇ ಇಲ್ಲ.

ಶರಣಬಸವೇಶ್ವರರ (1746–1822) ಬಗ್ಗೆ ಈ ಭಾಗದಲ್ಲಿ ಪ್ರಚಲಿತವಿರುವ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲ, ಅವಕ್ಕೆ ಕುಡಿಯಲು ನೀರಿಟ್ಟರು, ಆದರೂ ರಾಶಿ ಕಡಿಮೆಯಾಗಲಿಲ್ಲ. ಇದು ನಡೆದದ್ದು ನಿಜವೇ ಎಂಬ ಪ್ರಶ್ನೆ ತರಗತಿಯಲ್ಲಿ ಬಂದರೆ ಅಧ್ಯಾಪಕ ಎರಡು ರೀತಿಯಲ್ಲಿ ಸೋಲಬಹುದು. ‘ಇದು ಮೂಢನಂಬಿಕೆ’ ಎಂದರೆ ವಿದ್ಯಾರ್ಥಿಯ ಮನೆಯನ್ನು ತರಗತಿಯಿಂದ ಹೊರಗಿಟ್ಟಂತೆ. ‘ಇದು ನಂಬಿಕೆಯ ವಿಷಯ, ಪ್ರಶ್ನಿಸಬಾರದು’ ಎಂದರೆ ತರಗತಿಯನ್ನೇ ಮುಚ್ಚಿದಂತೆ. ಮೂರನೆಯ ದಾರಿಯಿದೆ. ಮಳೆಯನ್ನೇ ನೆಚ್ಚಿದ ಜೋಳದ ಸೀಮೆಯಲ್ಲಿ, ಎಪ್ಪತ್ತೆರಡರ ಬರವನ್ನು ಇನ್ನೂ ಮರೆಯದ ಊರುಗಳಲ್ಲಿ, ಕೊಟ್ಟರೆ ಕಡಿಮೆಯಾಗದ ರಾಶಿಯ ಕಥೆ ಏನನ್ನು ಹೇಳುತ್ತಿದೆ? ದಾಸೋಹವೆಂಬ ತತ್ವವನ್ನು ಉಪದೇಶದಲ್ಲಿ ಹೇಳದೆ ಹಕ್ಕಿಯ ಕೊಕ್ಕಿನಲ್ಲಿಟ್ಟು ಹೇಳಿದವರು ಯಾರು? ಪ್ರವಚನದಲ್ಲಿ ‘ನೀರಿಟ್ಟರು’ ಎಂದು ನಿಶ್ಚಯವಾಗಿ ಬರುವ ಮಾತು ಮನೆಯಂಗಳದಲ್ಲಿ ‘ನೀರಿಟ್ಟರಂತ’ ಆಗುತ್ತದೆಯೇ? ಆಗುವುದಾದರೆ ಏಕೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯಾರ್ಥಿ ಭಕ್ತನಾಗಿದ್ದುಕೊಂಡೇ ಸಂಶೋಧಕನಾಗಬಲ್ಲ.

ಹುಲಿ ಮತ್ತು ಗೋಡೆಯ ಆಶಯವೂ ಹೀಗೆಯೇ. ಹುಲಿಯ ಮೇಲೆ ಕುಳಿತು ಬರುವ ಸಾಧಕನನ್ನು ಇನ್ನೊಬ್ಬ ಸಾಧಕ ಕುಳಿತ ಗೋಡೆಯನ್ನೇ ನಡೆಸಿಕೊಂಡು ಹೋಗಿ ಎದುರುಗೊಳ್ಳುವ ಕಥೆ ಮಹಾರಾಷ್ಟ್ರದಲ್ಲಿ ಚಾಂಗದೇವ-ಜ್ಞಾನೇಶ್ವರರ ಸುತ್ತ ಹೆಣೆದುಕೊಂಡಿದೆ. ದಖನ್ನಿನ ಸಂತ, ಶರಣ, ಸೂಫಿ ಕಥನಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದೊಂದೇ ಆಶಯದ ಸಂಚಾರದ ಮೇಲೆ ಸೈಮನ್ ಡಿಗ್ಬಿಯವರು ಲೇಖನವನ್ನೇ ಬರೆದಿದ್ದಾರೆ. ಇಂತಹ ಭೇಟಿಯ ಕಥೆಗಳಲ್ಲಿ ಸೇರುವ ಮಹಾತ್ಮರ ಕಾಲಗಳು ಎಷ್ಟೋ ಸಲ ಒಂದಕ್ಕೊಂದು ಹೊಂದುವುದಿಲ್ಲ. ಖ್ವಾಜಾ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಶರಣಬಸವೇಶ್ವರರು ಹುಟ್ಟಿದ್ದು 1746ರಲ್ಲಿ. ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಕಲಬುರಗಿಯ ಜನಮನಕ್ಕೆ ಈ ಮೂರು ಶತಮಾನಗಳ ಅಂತರ ಅಡ್ಡಿಯಾಗಿಲ್ಲ. ಕಾಲಗಣನೆಯನ್ನು ವಿದ್ಯಾರ್ಥಿಗೆ ಕಲಿಸಲೇಬೇಕು. ಜೊತೆಗೆ, ಪಂಚಾಂಗ ಬೇರೆ ಮಾಡಿದವರನ್ನು ಜನ ಏಕೆ ಒಂದುಗೂಡಿಸುತ್ತಾರೆ ಎಂಬ ಪ್ರಶ್ನೆಯನ್ನೂ ಕಲಿಸಬೇಕು.

5

ಇಷ್ಟರವರೆಗೆ ಹೇಳಿದ್ದು ಹಿತವಾದ ಉದಾಹರಣೆಗಳು. ಸ್ಮೃತಿಯ ಬೋಧನೆಗೆ ನಿಜವಾದ ಸತ್ವಪರೀಕ್ಷೆ ಇರುವುದು 1948ರಲ್ಲಿ. ಕಲಬುರಗಿಯ ಯಾವುದೇ ಕನ್ನಡ ತರಗತಿಯಲ್ಲಿ ಆ ವರ್ಷದ ಎರಡು ನೆನಪುಗಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಒಂದು, ರಜಾಕಾರರ ಹಾವಳಿಯ ನೆನಪು: ಊರು ಬಿಟ್ಟು ಗಡಿಯಾಚೆಯ ಶಿಬಿರಗಳಿಗೆ ಹೋದವರು, ಸುಟ್ಟ ಮನೆಗಳು, 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ನಡೆದ ಕಗ್ಗೊಲೆ. ಇನ್ನೊಂದು, ಆ ವರ್ಷದ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅದರ ಬೆನ್ನಿಗೆ ಹಳ್ಳಿಗಳ ಮುಸ್ಲಿಮರು ಅನುಭವಿಸಿದ್ದರ ನೆನಪು. ಕೇಂದ್ರ ಸರಕಾರದ ಸೂಚನೆಯಂತೆ ಪಂಡಿತ ಸುಂದರಲಾಲ್ ಮತ್ತು ಸಂಗಡಿಗರು 1948ರ ಕೊನೆಯಲ್ಲಿ ಪ್ರವಾಸ ಮಾಡಿ ಸಲ್ಲಿಸಿದ ವರದಿ ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಮಂದಿ ಜೀವ ಕಳೆದುಕೊಂಡಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಾಗಿ ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡಗಳನ್ನು ಹೆಸರಿಸಿತು. ಆ ವರದಿ ದೀರ್ಘಕಾಲ ಸಾರ್ವಜನಿಕರಿಗೆ ದೊರೆಯಲಿಲ್ಲ.

ಮೊದಲ ನೆನಪಿಗೆ ಇಂದು ಸ್ಮಾರಕವಿದೆ, ಉತ್ಸವವಿದೆ, ಭಾಷಣವಿದೆ. ಅದು ಇರಬೇಕಾದದ್ದೇ. ಎರಡನೆಯದಕ್ಕೆ ಇರುವುದು ಮನೆಯೊಳಗಿನ ಪಿಸುಮಾತು, ಅನೇಕ ವೇಳೆ ಮೌನ. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಕನ್ನಡ ಅಧ್ಯಾಪಕರ ಕೆಲಸವಲ್ಲ. ಒಬ್ಬರ ನೋವನ್ನು ಇನ್ನೊಬ್ಬರ ನೋವಿಗೆ ಉತ್ತರವಾಗಿ ಬಳಸುವುದಂತೂ ಸಲ್ಲದು. ಆದರೆ ಜಾನಪದವೆಂದರೆ ಸೋಬಾನೆ, ಬೀಸುವ ಪದ, ಗಾದೆಗಳು ಮಾತ್ರ. ನಿನ್ನೆ ಮೊನ್ನೆಯ ಗಾಯ ಅದರ ವ್ಯಾಪ್ತಿಗೆ ಬಾರದು ಎಂಬ ನಮ್ಮ ಜಾಣ ಗಡಿರೇಖೆಯನ್ನು ಪ್ರಶ್ನಿಸಲೇಬೇಕಾಗಿದೆ.

ಏಕೆಂದರೆ ಕಾಲ ಮೀರುತ್ತಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ‘ಕಂಡೀನಿ’ ಎನ್ನಬಲ್ಲವರು ವಿರಳರಾಗಿ, ಅವರ ಮಕ್ಕಳು ‘ಆಗಿತ್ತಂತ’ ಎನ್ನುವ ಹಂತದಲ್ಲಿ ನಾವಿದ್ದೇವೆ. ಮುಂದಿನ ಹಂತವೇ ಅಪಾಯದ್ದು. ಮೊಮ್ಮಕ್ಕಳಿಗೆ ಆ ವರ್ಷದ ಸುದ್ದಿ ತಲುಪುತ್ತಿರುವುದು ಅಜ್ಜನಿಂದಲ್ಲ, ಮೊಬೈಲ್ ಫೋನಿನಿಂದ. ಅಲ್ಲಿ ಬರುವ ಸಂದೇಶಕ್ಕೆ ವಕ್ತೃವಿಲ್ಲ, ಊರಿಲ್ಲ, ‘ಅಂತೆ’ಯೂ ಇಲ್ಲ. ಎಲ್ಲವೂ ‘ಆಯಿತು’, ‘ಮಾಡಿದರು’, ‘ಕೊಂದರು’. ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂಬ ಕುರುಹುಗಳನ್ನೆಲ್ಲ ಕಳೆದುಕೊಂಡ ನೆನಪು ದ್ವೇಷದ ಕಚ್ಚಾವಸ್ತುವಾಗುವುದಕ್ಕೆ ತಡವಾಗುವುದಿಲ್ಲ. ಅಜ್ಜಿಯ ‘ಬಂದನಂತ’ವನ್ನು ‘ಬಂದನು’ ಎಂದು ತಿದ್ದಿಕೊಟ್ಟ ತರಗತಿ ತನಗೆ ತಿಳಿಯದೆಯೇ ಈ ಬಗೆಯ ಓದಿಗೆ ವಿದ್ಯಾರ್ಥಿಯನ್ನು ಸಿದ್ಧಗೊಳಿಸುತ್ತಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಎಲ್ಲ ನೆನಪುಗಳನ್ನೂ ಗೌರವಿಸುತ್ತ ಹೋದರೆ ಸತ್ಯಕ್ಕೆ ಬೆಲೆಯೆಲ್ಲಿ ಎಂಬ ಆಕ್ಷೇಪವನ್ನು ಎದುರಿಸಲೇಬೇಕು. ಇಟಲಿಯ ಅಲೆಸ್ಸಾಂದ್ರೊ ಪೊರ್ಟೆಲ್ಲಿಯವರು ಈ ವಿಷಯದಲ್ಲಿ ಮಾದರಿಯಾಗಬಲ್ಲರು. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಪಟ್ಟಣದಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಗುಂಡಿಗೆ ಬಲಿಯಾದದ್ದು 1949ರ ಮಾರ್ಚಿನಲ್ಲಿ, ನ್ಯಾಟೋ ಒಪ್ಪಂದದ ವಿರುದ್ಧದ ಪ್ರತಿಭಟನೆಯ ವೇಳೆ. ಆದರೆ ಎಷ್ಟೋ ಕಾರ್ಮಿಕರ ನೆನಪಿನಲ್ಲಿ ಆ ಸಾವು 1953ಕ್ಕೆ, ಸಾಮೂಹಿಕ ವಜಾದ ವಿರುದ್ಧದ ಹೋರಾಟಕ್ಕೆ ಸರಿದಿತ್ತು. ಪೊರ್ಟೆಲ್ಲಿ ದಾಖಲೆಯ ದಿನಾಂಕವನ್ನು ಬಿಟ್ಟುಕೊಡಲಿಲ್ಲ. ಕಾರ್ಮಿಕರು ಸುಳ್ಳು ಹೇಳುತ್ತಿದ್ದಾರೆಂದೂ ತೀರ್ಮಾನಿಸಲಿಲ್ಲ. ನೆನಪು ಜಾಗ ಬದಲಿಸಿದ್ದು ಏಕೆ ಎಂದು ಕೇಳಿದರು. ದಿನಾಂಕ ಗೊತ್ತಿಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದ್ದರಿಂದ ಸ್ಮೃತಿಯ ಅಧ್ಯಯನ ದಾಖಲೆಯ ಶತ್ರುವಲ್ಲ. ದಾಖಲೆಯನ್ನು ಬಗಲಲ್ಲಿಟ್ಟುಕೊಂಡೇ ಅದನ್ನು ಮಾಡಬೇಕು.

6

ತರಗತಿಯಲ್ಲಿ ಯಾರ ಬಾಯಿಮಾತಿಗೆ ಪ್ರವೇಶವಿದೆ ಎಂಬುದು ಇನ್ನೊಂದು ಪ್ರಶ್ನೆ. ಕಮಲಾಪುರ 2018ರಲ್ಲಿ ತಾಲೂಕು ಕೇಂದ್ರವಾಯಿತು. ಹೊರಗಿನವರಿಗೆ ಆ ಹೆಸರು ಪರಿಚಿತವಿರುವುದು ಕೆಂಪು ಬಾಳೆಯಿಂದ. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕಲಬುರಗಿ ನಗರದಲ್ಲಿ ಭೂತಕಾಲ ಕೋಟೆಯಾಗಿ, ದರ್ಗಾ ಆಗಿ, ಗುಡಿಯಾಗಿ, ಶಾಸನವಾಗಿ ನಿಂತಿದೆ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಅದು ಹೆಚ್ಚಾಗಿ ಇರುವುದು ಜನರ ಮಾತಿನಲ್ಲಿ. ಕೆಂಪು ಬಾಳೆ ಈ ಮಣ್ಣಿಗೆ ಹೇಗೆ ಬಂತೆಂದು ಮೂರು ತೋಟದ ಮನೆಗಳಲ್ಲಿ ಕೇಳಿ, ಮೂರು ಉತ್ತರಗಳನ್ನೂ ‘ಅಂತ’ದ ಸಮೇತ ಬರೆದುಕೊಂಡು ಬರುವುದು ಒಂದು ಒಳ್ಳೆಯ ಕ್ಷೇತ್ರಕಾರ್ಯವಾದೀತು. ಅದು ‘ಜನಪದ ಗೀತೆ’ಯ ಪಟ್ಟಿಗೆ ಸೇರುವುದಿಲ್ಲವೆಂದು ಇಂದಿನ ಪಠ್ಯಕ್ರಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಾರದು.

ತಾಂಡಾದಿಂದ ಬರುವ ಲಂಬಾಣಿ ವಿದ್ಯಾರ್ಥಿಯ ಸ್ಥಿತಿ ಇನ್ನೂ ವಿಲಕ್ಷಣವಾದುದು. ಹೋಳಿಯ ಲೇಂಗಿ, ಮದುಮಗಳು ತವರನ್ನು ಅಗಲುವಾಗ ಅಳುತ್ತ ಹಾಡುವ ಢಾವಲೋ, ತೀಜ್ ಹಬ್ಬದಲ್ಲಿ ಕನ್ಯೆಯರು ಗೋಧಿಯ ಸಸಿ ಬೆಳೆಸುವಾಗಿನ ಹಾಡುಗಳು ಅವನ ಮನೆಯಲ್ಲಿವೆ. ಅವು ಗೋರ್‌ಬೋಲಿಯಲ್ಲಿವೆ. ‘ಕನ್ನಡ ಜಾನಪದ’ದ ಹೊತ್ತಗೆ ತುಂಬಿಸಲು ಅವನು ಪಕ್ಕದ ಊರಿನ ಸೋಬಾನೆಯನ್ನೋ, ಅಚ್ಚಾದ ಸಂಕಲನವನ್ನೋ ಆಶ್ರಯಿಸಬೇಕಾಗುತ್ತದೆ. ದಖನಿ ಮನೆಮಾತಿನ ವಿದ್ಯಾರ್ಥಿನಿಯ ಕಥೆಯೂ ಇದೇ. ರಿಚರ್ಡ್ ಈಟನ್ ಅವರು 1970ರ ದಶಕದಲ್ಲಿ ಚರ್ಚಿಸಿದ ‘ಚಕ್ಕೀನಾಮಾ’ಗಳು ಹೆಂಗಸರು ಹಿಟ್ಟು ಬೀಸುವಾಗ ಹಾಡುತ್ತಿದ್ದ ದಖನಿ ಹಾಡುಗಳು, ಬೀಸುವ ಕಲ್ಲಿನ ಅಂಗಗಳನ್ನೇ ದೈವದ ಸಂಕೇತಗಳಾಗಿ ಅವು ಕಾಣಿಸುತ್ತವೆ. ಅಂತಹ ಒಂದು ರಚನೆ ಬಂದೇನವಾಜರ ಹೆಸರಿಗೂ ಸಲ್ಲುತ್ತದೆ. ಕನ್ನಡದ ಬೀಸುವ ಪದಗಳು ಮತ್ತು ದಖನಿಯ ಚಕ್ಕೀನಾಮಾಗಳು ಹುಟ್ಟಿದ್ದು ಒಂದೇ ಬಗೆಯ ಕಲ್ಲಿನ ಎದುರು, ಒಂದೇ ಬೆಳಗಿನ ಜಾವದಲ್ಲಿ. ಹಿಟ್ಟಿನ ಗಿರಣಿ ಬಂದಾಗ ಎರಡೂ ಒಟ್ಟಿಗೇ ಹಿಂದೆ ಸರಿದವು. ಮೊಹರಮ್ಮಿನಲ್ಲಿ ಕನ್ನಡದ ರಿವಾಯತ್ ಪದಗಳನ್ನು ಹಾಡುವ ಮೇಳಗಳಿರುವ ಈ ನೆಲದಲ್ಲಿ ಮೌಖಿಕ ಪರಂಪರೆಯನ್ನು ಭಾಷೆಯ ಗೋಡೆ ಕಟ್ಟಿ ಹಂಚುವುದು ಅಧ್ಯಯನದ ದೃಷ್ಟಿಯಿಂದಲೇ ದೋಷಪೂರ್ಣ. ಯಾವ ಭಾಷೆಯಲ್ಲಿ ಕೇಳಿದರೂ ಕನ್ನಡ ಲಿಪಿಯಲ್ಲಿ ಬರೆದು, ಕನ್ನಡದಲ್ಲಿ ವಿವರಿಸಲು ಅವಕಾಶವಿರಬೇಕು. ಇದರಿಂದ ಕನ್ನಡಕ್ಕೆ ನಷ್ಟವಿಲ್ಲ. ನೆರೆಹೊರೆಯ ನೆನಪುಗಳಿಗೆ ವಿವರಣೆಯ ಭಾಷೆಯಾಗುವುದು ಒಂದು ಭಾಷೆಯ ಬಲವೇ ಹೌದು.

7

ಹಾಗಾದರೆ ತರಗತಿಯಲ್ಲಿ ಮಾಡಬೇಕಾದದ್ದೇನು? ಹೊಸ ಪತ್ರಿಕೆ, ಹೊಸ ಅನುದಾನಗಳಿಗೆ ಕಾಯದೆ ಈಗಿರುವ ಚೌಕಟ್ಟಿನಲ್ಲಿಯೇ ಕೆಲವು ಮಾರ್ಪಾಡುಗಳು ಸಾಧ್ಯ.

ಮೊದಲನೆಯದಾಗಿ, ಸಂಗ್ರಹದ ಪ್ರಮಾಣ ಕಡಿಮೆಯಾಗಬೇಕು. ಐವತ್ತು ಗಾದೆಗಳ ಪಟ್ಟಿಗಿಂತ ಒಂದು ಗಾದೆಯನ್ನು ಯಾರು, ಯಾರಿಗೆ, ಯಾವ ಜಗಳದ ನಡುವೆ ಹೇಳಿದರು ಎಂಬ ಎರಡು ಪುಟಗಳ ವಿವರ ಮೇಲು. ಅಂಕಗಳಲ್ಲಿ ಅರ್ಧದಷ್ಟಾದರೂ ಈ ವಿವರಕ್ಕೆ ಮೀಸಲಾಗಲಿ. ಎರಡನೆಯದಾಗಿ, ಒಂದೇ ಕಥೆಯನ್ನು ಕನಿಷ್ಠ ಇಬ್ಬರಿಂದ, ಸಾಧ್ಯವಾದರೆ ಬೇರೆ ಬೇರೆ ಕೇರಿಗಳಿಂದ ಕೇಳಿ ಪಾಠಾಂತರಗಳನ್ನು ಹೋಲಿಸಬೇಕು. ಮೂರನೆಯದಾಗಿ, ಲಿಪ್ಯಂತರ ಮಾತಿನ ರೂಪದಲ್ಲಿಯೇ ಇರಬೇಕು: ‘ಹೇಳ್ಯಾರ’ ಎಂಬುದು ‘ಹೇಳಿದ್ದಾರೆ’ ಆಗಕೂಡದು, ‘ಅಂತ’ ಬಿದ್ದುಹೋಗಕೂಡದು. ಎಲ್ಲೆಲ್ಲಿ ವಕ್ತೃ ‘ಅಂತ’ವನ್ನು ಬಿಟ್ಟು ನಿಶ್ಚಯವಾಗಿ ನುಡಿದಿದ್ದಾಳೆ ಎಂಬುದನ್ನು ಗುರುತು ಹಾಕಿ ಚರ್ಚಿಸುವುದೇ ಒಂದು ಪೂರ್ಣ ಪಾಠವಾಗಬಲ್ಲದು. ನಾಲ್ಕನೆಯದಾಗಿ, ಬರೆದದ್ದನ್ನು ವಕ್ತೃವಿಗೆ ಓದಿ ಹೇಳಬೇಕು. ‘ಇದನ್ನು ಹಾಕಬ್ಯಾಡ’ ಎಂದರೆ ಹಾಕಬಾರದು. 1948ರಂತಹ ವಿಷಯಗಳಲ್ಲಿ ಹೆಸರುಗಳನ್ನು ಮರೆಮಾಡುವುದು, ಮೌನವಾಗಿರಬಯಸುವವರ ಮೌನವನ್ನು ಮನ್ನಿಸುವುದು ಕಡ್ಡಾಯವಾಗಬೇಕು. ಐದನೆಯದಾಗಿ, ಒಪ್ಪಿಗೆ ದೊರೆತ ಧ್ವನಿಮುದ್ರಣಗಳು ಕಾಲೇಜಿನ ಗ್ರಂಥಾಲಯದಲ್ಲಿ ದಿನಾಂಕ, ಸ್ಥಳಗಳ ವಿವರದೊಂದಿಗೆ ಉಳಿಯಬೇಕು. ಹಿಂದೆ ಧ್ವನಿಮುದ್ರಣ ಯಂತ್ರಕ್ಕೆ ಪರದಾಡಬೇಕಿತ್ತು. ಇಂದು ಬಹುಪಾಲು ವಿದ್ಯಾರ್ಥಿಗಳ ಕಿಸೆಯಲ್ಲಿ ಅದಿದೆ.

ಸೆಮಿಸ್ಟರಿನ ಅವಸರದಲ್ಲಿ ಇದಕ್ಕೆ ಸಮಯವೆಲ್ಲಿ ಎಂಬ ಸಹೋದ್ಯೋಗಿಗಳ ಪ್ರಶ್ನೆ ನ್ಯಾಯವಾದುದೇ. ಆದರೆ ನಾಲ್ವತ್ತು ವಿದ್ಯಾರ್ಥಿಗಳ ಐವತ್ತೈವತ್ತು ಗಾದೆಗಳನ್ನು ಮೌಲ್ಯಮಾಪನ ಮಾಡುವ ಹೊತ್ತು ಉಳಿಯುತ್ತದೆಂಬುದನ್ನೂ ಗಮನಿಸಬೇಕು. ಇವೆಲ್ಲ ಇತಿಹಾಸ ವಿಭಾಗದ ಕೆಲಸವಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸರಳ: ಏನಾಯಿತು ಎಂಬುದನ್ನು ಅವರು ಶೋಧಿಸಲಿ; ಏನಾಯಿತೆಂದು ಹೇಗೆ ಹೇಳಲಾಗುತ್ತದೆ ಎಂಬುದು ಭಾಷೆಯ ಪ್ರಶ್ನೆ, ಅದು ನಮ್ಮದು. ಸೂಕ್ಷ್ಮ ವಿಷಯಗಳಿಂದ ತರಗತಿಯಲ್ಲಿ ಕ್ಷೋಭೆ ಉಂಟಾದೀತೆಂಬ ಭಯ ಮೂರನೆಯದು. ವಿಷಯ ಈಗಾಗಲೇ ತರಗತಿಯಲ್ಲಿದೆ, ವಿದ್ಯಾರ್ಥಿಗಳ ಕೈಯ ಫೋನುಗಳಲ್ಲಿದೆ. ಇಲ್ಲದಿರುವುದು ಅದನ್ನು ಕೇಳಿಸಿಕೊಳ್ಳುವ ಶಿಸ್ತು ಮಾತ್ರ.

ಒಂಬತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ ಓದು ಬರೆಹವಿಲ್ಲದ ಕನ್ನಡಿಗರ ಕಾವ್ಯಶಕ್ತಿಯನ್ನು ಮೆಚ್ಚಿಕೊಂಡಿತು. ಆ ಮೆಚ್ಚುಗೆಯನ್ನು ನಾವು ವೇದಿಕೆಗಳಲ್ಲಿ ಸಾಕಷ್ಟು ಉದ್ಧರಿಸಿದ್ದೇವೆ. ಅಕ್ಷರವಿಲ್ಲದ ಹಿರಿಯಳೊಬ್ಬಳು ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಪ್ರತಿ ವಾಕ್ಯದ ಕೊನೆಯಲ್ಲಿ ಲೆಕ್ಕ ಒಪ್ಪಿಸುತ್ತಾಳೆ. ಅಕ್ಷರ ಕಲಿಸುವ ನಾವು ಆ ಲೆಕ್ಕವನ್ನು ಅಳಿಸದೆ ಬರೆದುಕೊಳ್ಳುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕು. ಜಾನಪದದ ಪತ್ರಿಕೆ ಪಠ್ಯಕ್ರಮದಲ್ಲಿ ಉಳಿಯುವುದಾದರೆ ಈ ಕೆಲಸಕ್ಕಾಗಿ ಉಳಿಯಲಿ.